ಕೂತು ಕುಡಿಯುವ ಕಾಫಿ, ನಿಂತು ಕೇಳುವ ಸಂಗೀತ

ಬೆಂಗಳೂರಿನ ದರ್ಶಿನಿಗಳಲ್ಲಿ ನಿಂತುಕೊಂಡೇ ಬೈ-ಟು ಕಾಫಿ ಮುಗಿಸಿ, ರಾಮನವಮಿಯ ದಿನಗಳಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಚಪ್ಪರದಡಿ ಗಂಟೆಗಟ್ಟಲೆ ಕೂತು ಕಛೇರಿ ಕೇಳಿ ಬೆಳೆದ ನನಗೆ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ ಮೊದಲು ಕಾಣಿಸಿದ್ದು ತಿರುವುಮುರುವಾಗಿ. ಅಲ್ಲಿನವರು ಕಾಫಿಗೆ ಕೂರುತ್ತಾರೆ, ಸಂಗೀತಕ್ಕೆ ನಿಲ್ಲುತ್ತಾರೆ. ಅರಮನೆಗಳನ್ನೂ ಕುದುರೆ ಸಾರೋಟುಗಳನ್ನೂ ನೋಡಬೇಕೆಂದು ಹೊರಟವನಿಗೆ ಕೊನೆಗೆ ಮನಸ್ಸಿನಲ್ಲಿ ಉಳಿದದ್ದು ಈ ಎರಡು ಭಂಗಿಗಳು. ಅರಮನೆಗಳೂ ಚೆನ್ನಾಗಿಯೇ ಇವೆ, ಆದರೆ ಅವುಗಳ ಬಗ್ಗೆ ಬರೆದವರು ಬಹಳ ಮಂದಿ ಇರುವುದರಿಂದ ನಾನು ಆ ಗೋಜಿಗೆ ಹೋಗುವುದಿಲ್ಲ.

ಇಳಿದುಕೊಂಡಿದ್ದದ್ದು ದೊಡ್ಡಮ್ಮನ ಮಗಳ ಮನೆಯಲ್ಲಿ. ಅಕ್ಕ ಮತ್ತು ಭಾವ ನಗರದ ಪಶ್ಚಿಮಕ್ಕಿರುವ ಒಟ್ಟಾಕ್ರಿಂಗ್ ಎಂಬ ಹದಿನಾರನೆಯ ಜಿಲ್ಲೆಯಲ್ಲಿ ಬಹುಕಾಲದಿಂದ ನೆಲೆಸಿದ್ದಾರೆ. ಪ್ರವಾಸಿಗಳ ಪಟ್ಟಿಯಲ್ಲಿ ಅಷ್ಟಾಗಿ ಇಲ್ಲದ ಆ ಬಡಾವಣೆಯಿಂದ ದಿನವೂ ಟ್ರಾಮ್ ಹಿಡಿದು ಊರ ನಡುವಿಗೆ ಹೋಗುವುದು, ಸಂಜೆ ಮರಳಿ ಬಂದು ಅಕ್ಕನೊಡನೆ ಕಂಡದ್ದನ್ನೆಲ್ಲ ಚರ್ಚಿಸುವುದು ನನ್ನ ರೂಢಿಯಾಯಿತು. ಆಕೆಯ ವಿವರಣೆ ಇಲ್ಲದಿದ್ದರೆ ನಾನು ಕಂಡದ್ದರಲ್ಲಿ ಅರ್ಧ ನನಗೆ ತಿಳಿಯುತ್ತಿರಲಿಲ್ಲ.

ಮೊದಲು ಕಾಫಿಯ ವಿಚಾರ. ವಿಯೆನ್ನಾದ ಹಳೆಯ ಕಾಫಿ ಮನೆಗಳು ಒಳಗಿನಿಂದ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತವೆ: ಎತ್ತರದ ಚಾವಣಿ, ಸಣ್ಣ ಅಮೃತಶಿಲೆಯ ಮೇಜುಗಳು, ಮರವನ್ನು ಬಾಗಿಸಿ ಮಾಡಿದ ಕುರ್ಚಿಗಳು, ಗೋಡೆಯುದ್ದಕ್ಕೂ ಸವೆದ ಮೆತ್ತೆಯ ಆಸನಗಳು. ಬಾಗಿಲ ಬಳಿ ದಿನಪತ್ರಿಕೆಗಳನ್ನು ಉದ್ದನೆಯ ಮರದ ಹಿಡಿಗಳಿಗೆ ಸಿಕ್ಕಿಸಿ ತೂಗುಹಾಕಿರುತ್ತಾರೆ; ಬೇಕಾದವರು ಹಿಡಿಯ ಸಮೇತ ತೆಗೆದುಕೊಂಡು ಹೋಗಿ ಓದಿ, ಮತ್ತೆ ತಂದು ತೂಗುಹಾಕಬೇಕು. ಕಪ್ಪು ಕೋಟು ತೊಟ್ಟ ಮಾಣಿ ತನಗೆ ಬಿಡುವಾದಾಗ ಬರುತ್ತಾನೆಯೇ ಹೊರತು ನಮಗೆ ಅವಸರವಾದಾಗ ಅಲ್ಲ. ಅವನ ಮುಖದಲ್ಲಿ ನಗು ಹುಡುಕುವುದು ವ್ಯರ್ಥ, ಆ ಬಿಗುಮಾನವೂ ಅಲ್ಲಿನ ಸಂಪ್ರದಾಯದ ಭಾಗವೇ ಎಂದು ಅಕ್ಕ ಹೇಳಿದಳು. ಬರೀ ಕಾಫಿ ಎಂದು ಕೇಳಿದರೆ ಅವನು ಇನ್ನೊಮ್ಮೆ ಕೇಳುತ್ತಾನೆ, ಏಕೆಂದರೆ ಅಲ್ಲಿ ಹಾಲಿನ ನೊರೆ ಬೆರೆಸಿದ ಮೆಲಾಂಜ್ ಬೇರೆ, ಸ್ವಲ್ಪವೇ ಹಾಲಿರುವ ಬ್ರೌನರ್ ಬೇರೆ, ಗಾಜಿನ ಲೋಟದಲ್ಲಿ ಕಪ್ಪು ಕಾಫಿಯ ಮೇಲೆ ಕಡೆದ ಕೆನೆಯನ್ನು ಗೋಪುರದಂತೆ ಏರಿಸಿ ಕೊಡುವ ಐನ್‌ಷ್ಪೆನರ್ ಬೇರೆ.

ನನ್ನ ಮೆಲಾಂಜ್ ಬಂದದ್ದು ಅಂಡಾಕಾರದ ಒಂದು ಪುಟ್ಟ ಲೋಹದ ತಟ್ಟೆಯಲ್ಲಿ. ಬಟ್ಟಲಿನ ಪಕ್ಕದಲ್ಲಿ ಒಂದು ಸಣ್ಣ ಗಾಜಿನ ಲೋಟದ ತುಂಬ ನೀರು, ಆ ಲೋಟದ ಬಾಯಿಯ ಮೇಲೆ ಬೋರಲಾಗಿ ಇಟ್ಟ ಚಮಚ. ಕಾಫಿ ಹತ್ತು ನಿಮಿಷಕ್ಕೆ ಮುಗಿಯಿತು. ನಮ್ಮಲ್ಲಾದರೆ ಖಾಲಿ ಲೋಟ ಕಂಡೊಡನೆ ಒಬ್ಬ ಹುಡುಗ ಬಟ್ಟೆ ಹಿಡಿದು ಮೇಜು ಒರೆಸಲು ಬರುತ್ತಾನೆ, ಹಿಂದೆ ನಿಂತವರ ದೃಷ್ಟಿ ನಮ್ಮ ಬೆನ್ನಿಗೆ ತಾಗುತ್ತದೆ. ಇಲ್ಲಿ ಮಾಣಿ ಬಂದು ಖಾಲಿಯಾದ ನೀರಿನ ಲೋಟವನ್ನು ತೆಗೆದು ಇನ್ನೊಂದು ತುಂಬಿದ ಲೋಟ ಇಟ್ಟು ಹೋದನೇ ಹೊರತು ಬಿಲ್ಲಿನ ಮಾತೆತ್ತಲಿಲ್ಲ. ನಾವೇ ಕರೆದು ಕೇಳುವ ತನಕ ಬಿಲ್ಲು ಬರುವುದಿಲ್ಲ. ಪಕ್ಕದ ಮೇಜಿನ ಮುದುಕರೊಬ್ಬರು ಒಂದು ಬಟ್ಟಲು ಕಾಫಿಯ ಮೇಲೆ ಮೂರು ಪತ್ರಿಕೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದರು, ನಡುವೆ ಒಮ್ಮೆ ಕಣ್ಣುಮುಚ್ಚಿ ತೂಕಡಿಸಿದರು, ಯಾರೂ ಏನೂ ಅನ್ನಲಿಲ್ಲ. ಒಂದು ಕಾಫಿಗೆ ಐದಾರು ಯೂರೊ, ಎಂದರೆ ಐನೂರು ರೂಪಾಯಿಗೂ ಮೇಲೆ, ಎಂದು ಮನೆಗೆ ಬಂದು ನಾನು ಗೊಣಗಿದಾಗ ಅಕ್ಕ ನಕ್ಕಳು: "ನೀನು ದುಡ್ಡು ಕೊಟ್ಟಿದ್ದು ಕಾಫಿಗಲ್ಲ ಕಣೋ, ಕುರ್ಚಿಗೆ. ಸಂಜೆ ತನಕ ಕೂತಿದ್ರೂ ಅಷ್ಟೇ ಆಗ್ತಿತ್ತು."

ಇಲ್ಲಿನ ಮೊದಲ ಕಾಫಿ ಮನೆಗೆ ಪರವಾನಗಿ ಪಡೆದವನು ಯೊಹಾನೆಸ್ ಡಿಯೊಡಾಟೊ ಎಂಬ ಅರ್ಮೇನಿಯನ್ ವರ್ತಕ, 1685ರಲ್ಲಿ. 1683ರಲ್ಲಿ ನಗರಕ್ಕೆ ಮುತ್ತಿಗೆ ಹಾಕಿ ಸೋತ ತುರ್ಕರ ಸೈನ್ಯ ಬಿಟ್ಟುಹೋದ ಮೂಟೆಗಳಲ್ಲಿ ಕಾಫಿ ಬೀಜ ಸಿಕ್ಕಿತು ಎಂಬ ಕಥೆಯನ್ನು ಮಾರ್ಗದರ್ಶಕರು ಸೊಗಸಾಗಿ ಹೇಳುತ್ತಾರೆ, ಆದರೆ ಅದು ಕಥೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಮೂಲೆಮೂಲೆಗಳಿಂದ ಜನ ಬಂದು ಸೇರಿ ಊರು ಕಿಕ್ಕಿರಿದಾಗ, ಇಕ್ಕಟ್ಟಾದ, ಚಳಿಗಾಲದಲ್ಲಿ ಬೆಚ್ಚಗಿರದ ಬಾಡಿಗೆ ಕೋಣೆಗಳಲ್ಲಿದ್ದವರಿಗೆ ಕಾಫಿ ಮನೆಯೇ ನಡುಮನೆಯಾಯಿತು. ಪೀಟರ್ ಆಲ್ಟೆನ್‌ಬೆರ್ಗ್ ಎಂಬ ಲೇಖಕ ತನ್ನ ವಿಳಾಸವೆಂದು ಕೊಡುತ್ತಿದ್ದದ್ದೇ 1876ರಲ್ಲಿ ತೆರೆದ ಕೆಫೆ ಸೆಂಟ್ರಾಲ್ ಅನ್ನು. ಇಂದು ಅದರ ಬಾಗಿಲ ಬಳಿ ಅವನ ಗೊಂಬೆಯನ್ನು ಕೂರಿಸಿದ್ದಾರೆ, ಒಳಗೆ ಹೋಗಲು ಪ್ರವಾಸಿಗಳು ಬೀದಿಯಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ. ಕೂರುವುದಕ್ಕೆಂದೇ ಹುಟ್ಟಿದ ಜಾಗಕ್ಕಾಗಿ ಅಷ್ಟು ಹೊತ್ತು ನಿಲ್ಲುವುದು ನನಗಂತೂ ಸರಿಕಾಣಲಿಲ್ಲ. ಎರಡು ಬೀದಿ ಆಚೆ ಹೆಸರಿಲ್ಲದ ಕಾಫಿ ಮನೆಗಳಲ್ಲಿ ಮೇಜುಗಳು ಖಾಲಿ ಇದ್ದವು. 2011ರಲ್ಲಿ ಆಸ್ಟ್ರಿಯಾ ಯುನೆಸ್ಕೊ ಒಪ್ಪಂದದಡಿ ತಾನು ರಚಿಸಿದ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಈ ಕಾಫಿ ಮನೆಗಳ ಸಂಸ್ಕೃತಿಯನ್ನೂ ಸೇರಿಸಿತು.

ಕಾಫಿಯ ಜೊತೆಗೆ ಬರುವ ಆ ನೀರಿನ ಲೋಟಕ್ಕೂ ಒಂದು ಇತಿಹಾಸವಿದೆ. ಬಾವಿಯ ನೀರಿನಿಂದ ವಿಷಮಶೀತ ಜ್ವರವೂ ಕಾಲರಾವೂ ಹರಡುತ್ತಿದ್ದ ಕಾಲದಲ್ಲಿ ಭೂವಿಜ್ಞಾನಿಯೂ ನಗರಸಭೆಯ ಸದಸ್ಯರೂ ಆಗಿದ್ದ ಎಡ್ವರ್ಡ್ ಸ್ಯೂಸ್ ಆಲ್ಪ್ಸ್ ಬೆಟ್ಟಗಳ ಬುಗ್ಗೆಗಳಿಂದ ನೀರು ತರಬೇಕೆಂದು ಹಟಹಿಡಿದರು. 1873ರಲ್ಲಿ ಮೊದಲ ಕಾಲುವೆ ಮುಗಿಯಿತು, 1910ರಲ್ಲಿ ಸುಮಾರು 180 ಕಿಲೋಮೀಟರ್ ಉದ್ದದ ಎರಡನೆಯದು. ಬೆಟ್ಟದಿಂದ ಊರಿನವರೆಗೆ ನೀರು ಇಳಿಜಾರಿನಲ್ಲಿ ತಾನಾಗಿಯೇ ಹರಿದು ಬರುತ್ತದೆ, ಪಂಪು ಬೇಕಿಲ್ಲ. ಅಕ್ಕನ ಮನೆಯ ಅಡುಗೆಮನೆಯ ನಲ್ಲಿಯಲ್ಲಿ ಬರುವುದೂ ಅದೇ ನೀರು, ಕಾಯಿಸುವುದಿಲ್ಲ, ಸೋಸುವುದಿಲ್ಲ. ಟ್ಯಾಂಕರ್ ಬಂತೇ ಎಂದು ಬೆಳಗ್ಗೆ ಎದ್ದು ಬಾಲ್ಕನಿಯಿಂದ ಇಣುಕುವ ಊರಿನಿಂದ ಹೋದವನಾಗಿ ನಾನು ಆ ನಲ್ಲಿಯನ್ನು ಕೊಂಚ ಹೊಟ್ಟೆಕಿಚ್ಚಿನಿಂದಲೇ ನೋಡಿದೆ.

ಇನ್ನು ನಿಲ್ಲುವ ವಿಚಾರ. ಕಥೆಯನ್ನು ಹಾಡಿನಲ್ಲೇ ಆಡಿ ತೋರಿಸುವ ಒಪೆರಾಗಳ ಸರಕಾರಿ ರಂಗಮಂದಿರ ಸ್ಟೇಟ್ ಒಪೆರಾ. ಅದರ ಒಳ್ಳೆಯ ಆಸನಗಳ ಬೆಲೆ ಇನ್ನೂರು ಯೂರೊ ದಾಟುತ್ತದೆ. ಅದೇ ಸಭಾಂಗಣದಲ್ಲಿ, ಅದೇ ಸಂಜೆ, ಇಪ್ಪತ್ತು ಯೂರೊಗಿಂತ ಕಡಿಮೆ ಬೆಲೆಗೆ ನಿಂತು ನೋಡುವ ಸ್ಥಳಗಳಿವೆ, ಅದೂ ನೂರಾರು. ಇದರಲ್ಲಿ ಎಲ್ಲಕ್ಕಿಂತ ಒಳ್ಳೆಯ ನಿಲುಗಡೆ ಎಲ್ಲೋ ಮೂಲೆಯಲ್ಲಿಲ್ಲ. ನೆಲಮಹಡಿಯ ದುಬಾರಿ ಆಸನಗಳ ಸಾಲುಗಳು ಮುಗಿದ ಕೂಡಲೇ, ಒಂದು ಕಾಲಕ್ಕೆ ಚಕ್ರವರ್ತಿಗೆ ಮೀಸಲಾಗಿದ್ದ ಅಂಕಣದ ನೇರ ಕೆಳಗೆ, ರಂಗಕ್ಕೆ ಮುಖಾಮುಖಿಯಾಗಿದೆ. ಇಳಿಜಾರಾಗಿ ಮೆಟ್ಟಿಲು ಕಟ್ಟಿ, ಒಂದೊಂದು ಮೆಟ್ಟಿಲಿಗೂ ಎದೆಯೆತ್ತರದ ಕಂಬಿ ಹಾಕಿದ್ದಾರೆ. ಆ ಕಂಬಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಪುಟ್ಟ ಪರದೆ, ಅದರಲ್ಲಿ ಹಾಡಿನ ಸಾಹಿತ್ಯ ಹಲವು ಭಾಷೆಗಳಲ್ಲಿ ಮೂಡುತ್ತದೆ.

ಜಾಗ ಹಿಡಿಯುವ ಕ್ರಮವನ್ನು ಅಲ್ಲಿ ನಿಂತಾಗಲೇ ಕಲಿತೆ. ಒಳಗೆ ಬಿಟ್ಟೊಡನೆ ಎಲ್ಲರೂ ತಮ್ಮ ಕೊರಳ ಸ್ಕಾರ್ಫ್ ಬಿಚ್ಚಿ ಕಂಬಿಗೆ ಒಂದು ಗಂಟು ಹಾಕಿದರು. ಗಂಟು ಬಿದ್ದ ಜಾಗ ಅವರದು. ಆಮೇಲೆ ಕೋಟು ಒಪ್ಪಿಸಲು, ನೀರು ಕುಡಿಯಲು, ಮಹಡಿಯ ಚಿತ್ರಗಳನ್ನು ನೋಡಲು ಎಲ್ಲಿಗೆ ಬೇಕಾದರೂ ಹೋಗಬಹುದು, ಆ ಗಂಟನ್ನು ಯಾರೂ ಬಿಚ್ಚುವುದಿಲ್ಲ, ಪಕ್ಕಕ್ಕೆ ಸರಿಸುವುದೂ ಇಲ್ಲ. ಸ್ಕಾರ್ಫ್ ಇಲ್ಲದ ನಾನು ಕರವಸ್ತ್ರ ಕಟ್ಟಿದೆ. ಪಕ್ಕದ ವೃದ್ಧೆಯೊಬ್ಬರು ಅದನ್ನು ನೋಡಿ ಸಾಕು ಎಂಬಂತೆ ತಲೆಯಾಡಿಸಿದರು. ಅವರು ಹುಡುಗಿಯಾಗಿದ್ದಾಗಿನಿಂದ ಅಲ್ಲಿಯೇ ನಿಂತು ಕೇಳುತ್ತ ಬಂದವರಂತೆ. ಈಗ ಆಸನ ಕೊಳ್ಳುವ ಶಕ್ತಿ ಇದೆ, ಆದರೆ ಕೂತರೆ ನಿದ್ದೆ ಬರುತ್ತದೆ ಎಂದರು.

ಅಂದಿನ ಒಪೆರಾ ಇಟಲಿಯ ಸಂಗೀತಗಾರ ಪುಚ್ಚೀನಿಯ ಟೋಸ್ಕಾ. ಅದನ್ನು ಇಂದಿಗೂ ಮಾರ್ಗರೆಟೆ ವಾಲ್‌ಮನ್ 1958ರಲ್ಲಿ ನಿರ್ದೇಶಿಸಿದ ರೂಪದಲ್ಲೇ ಆಡುತ್ತಾರೆ. ಗಾಯಕರು ಬದಲಾಗುತ್ತಾರೆ, ರಂಗಸಜ್ಜು ಅದೇ. ಹಾಗಾಗಿ ನಿಂತವರಲ್ಲಿ ಹಲವರಿಗೆ ಕಥೆಯಾಗಲಿ ದೃಶ್ಯವಾಗಲಿ ಹೊಸದಲ್ಲ, ಅವರು ಬರುವುದು ಈ ಸಲದ ಗಾಯಕಿ ಆ ಒಂದು ಸ್ವರವನ್ನು ಹೇಗೆ ನಿಲ್ಲಿಸುತ್ತಾಳೆ ಎಂದು ಕೇಳಲು. ರಾಮನವಮಿಯ ಕಛೇರಿಯಲ್ಲಿ ಕೀರ್ತನೆಯ ಸಾಹಿತ್ಯವೆಲ್ಲ ಬಾಯಿಪಾಠವಿರುವ ಅಜ್ಜಂದಿರು ಕೂತು, ಸಾಹಿತ್ಯದ ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ನೆರವಲಿಗಾಗಿ ಕಾಯುತ್ತಿದ್ದ ರೀತಿಯೂ ಇದೇ. ಆದರೆ ಅಲ್ಲಿ ನಾವು ತಲೆದೂಗುತ್ತೇವೆ, ತೊಡೆ ತಟ್ಟಿ ತಾಳ ಹಾಕುತ್ತೇವೆ, ಚೆನ್ನಾಗಿದ್ದರೆ ಆಗಲೇ ಭೇಷ್ ಎನ್ನುತ್ತೇವೆ, ನಡುವೆ ಎದ್ದು ಹೋಗಿ ಪಾನಕ ಕುಡಿದು ಬರುತ್ತೇವೆ. ಇಲ್ಲಿ ಎರಡು ಅಂಕಗಳ ನಡುವಿನ ವಿರಾಮದವರೆಗೆ ಕಾಲು ಬದಲಿಸುವ ಸದ್ದೂ ಆಗಬಾರದು. ನನ್ನ ಜರ್ಕಿನ್ನಿನ ಜಿಪ್ಪು ಸದ್ದು ಮಾಡಿದಾಗ ಮುಂದಿನ ಸಾಲಿನ ಕಾಲೇಜು ಹುಡುಗನೊಬ್ಬ ತಿರುಗಿ ನೋಡಿದ ನೋಟ ಮರೆಯುವಂತಿಲ್ಲ. ಮೆಚ್ಚಿಕೆಯೆಲ್ಲವನ್ನೂ ಒಳಗೇ ಅದುಮಿಟ್ಟುಕೊಂಡು ಕೊನೆಯಲ್ಲಿ ಒಮ್ಮೆಗೇ ಹೊರಗೆ ಬಿಡುತ್ತಾರೆ: ಚಪ್ಪಾಳೆ, ಕೂಗು, ಕಾಲು ಬಡಿತ. ಯಾವ ಪದ್ಧತಿಯಲ್ಲಿ ಸಂಗೀತ ಹೆಚ್ಚು ಸುಖಿಸುತ್ತದೆ ಎಂದು ಕೇಳಿದರೆ ನನ್ನ ಮತ ಚಾಮರಾಜಪೇಟೆಗೇ. ಹಾಡುತ್ತಿರುವವರಿಗೆ ಆಗಿಂದಾಗಲೇ ಪ್ರತಿಕ್ರಿಯೆ ಸಿಗುವುದರಿಂದ ಅವರು ಮುಂದೇನು ಹಾಡುವರೆಂಬುದೂ ಬದಲಾಗುತ್ತದೆ. ಆದರೆ ಮನೋಧರ್ಮಕ್ಕೆ, ಎಂದರೆ ಹಾಡುವವರ ಆ ಕ್ಷಣದ ಕಲ್ಪನೆಗೆ, ಎಡೆಯಿಲ್ಲದ, ಪ್ರತಿ ಸ್ವರವನ್ನೂ ಬರೆದಿಟ್ಟ ಸಂಗೀತಕ್ಕೆ ಆ ಮೌನವೇ ಸರಿಯಿರಬಹುದು.

ಮರುದಿನ ಅದೇ ರಂಗದ ಮೇಲೆ ಬೇರೆಯೇ ಒಪೆರಾ ಇತ್ತು. ಸೆಪ್ಟೆಂಬರಿನಿಂದ ಜೂನ್‌ವರೆಗೆ ಹೆಚ್ಚುಕಡಿಮೆ ದಿನವೂ ಪ್ರದರ್ಶನ, ಕಾರ್ಯಕ್ರಮ ದಿನದಿನಕ್ಕೆ ಬದಲು, ಹಾಗಾಗಿ ರಂಗಸಜ್ಜಿನವರು ರಾತ್ರಿ ಒಂದನ್ನು ಬಿಚ್ಚಿ ಬೆಳಗ್ಗೆ ಇನ್ನೊಂದನ್ನು ಕಟ್ಟುತ್ತಾರೆ. ಟಿಕೆಟಿನ ಹಣದಿಂದಷ್ಟೇ ಇದು ನಡೆಯುವುದಿಲ್ಲ. ಸರಕಾರ ತೆರಿಗೆಯ ಹಣದಿಂದ ದೊಡ್ಡ ಪಾಲು ಕೊಡುತ್ತದೆ. ಅಗ್ಗದ ನಿಲುಗಡೆಗಳ ಹಿಂದಿರುವ ನ್ಯಾಯವೂ ಅದೇ. ಬಾಂಬಿಗೆ ಸಿಕ್ಕಿ 1945ರ ಮಾರ್ಚ್‌ನಲ್ಲಿ ಸುಟ್ಟುಹೋಗಿದ್ದ ಈ ಕಟ್ಟಡವನ್ನು ಹಣವಿಲ್ಲದ ದಿನಗಳಲ್ಲೂ ಮತ್ತೆ ಕಟ್ಟಿ, ಆಸ್ಟ್ರಿಯಾ ಪರರಾಷ್ಟ್ರಗಳ ಸೈನ್ಯದ ಹಿಡಿತದಿಂದ ಬಿಡುಗಡೆಯಾದ ವರ್ಷವೇ, 1955ರ ನವೆಂಬರ್ 5ರಂದು, ಬೀಥೋವನ್‌ನ ಫಿಡೆಲಿಯೊದೊಂದಿಗೆ ತೆರೆದರು.

ಸಾರ್ವಜನಿಕ ಹಣದಿಂದ ಸಾಮಾನ್ಯನಿಗೆ ಒಳ್ಳೆಯ ಜಾಗ ಮಾಡಿಕೊಡುವ ಈ ಬುದ್ಧಿ ಒಪೆರಾಕ್ಕೆ ಮಾತ್ರ ಸೀಮಿತವಲ್ಲ ಎಂದು ತೋರಿಸಲು ಭಾವ ನನ್ನನ್ನು ಒಂದು ದಿನ ಹೈಲಿಗೆನ್‌ಸ್ಟಾಟ್ ನಿಲ್ದಾಣದ ಎದುರಿನ ಕಾರ್ಲ್ ಮಾರ್ಕ್ಸ್ ಹೋಫ್‌ಗೆ ಕರೆದುಕೊಂಡು ಹೋದರು. ನಗರಸಭೆ 1927ರಿಂದ 1930ರ ನಡುವೆ ಕಾರ್ಮಿಕರಿಗಾಗಿ ಕಟ್ಟಿಸಿದ, ಒಂದು ಕಿಲೋಮೀಟರಿಗೂ ಉದ್ದವಾದ, 1382 ಮನೆಗಳ ವಸತಿ ಸಮುಚ್ಚಯ ಅದು. ಕಮಾನುಗಳ ಕೆಳಗೆ ಹಾದು ಒಳಗೆ ಹೋದರೆ ದೊಡ್ಡ ಅಂಗಳ, ಮರಗಳು, ಮಕ್ಕಳು. ಬಟ್ಟೆ ಒಗೆಯುವ ಮನೆ, ಸ್ನಾನದ ಮನೆ, ಶಿಶುವಿಹಾರ, ವಾಚನಾಲಯ ಎಲ್ಲವೂ ಮೂಲ ನಕ್ಷೆಯಲ್ಲೇ ಇದ್ದವು. 1923ರಲ್ಲಿ ತಂದ ಒಂದು ಮನೆ ತೆರಿಗೆಯಿಂದ, ಐಷಾರಾಮಿ ಮನೆಗಳವರಿಂದ ಹೆಚ್ಚು ವಸೂಲು ಮಾಡಿ, 1934ರ ಹೊತ್ತಿಗೆ ಅರವತ್ತು ಸಾವಿರಕ್ಕೂ ಹೆಚ್ಚು ಮನೆಗಳನ್ನು ಕಟ್ಟಿದರು. ಇಂಥ ಕಟ್ಟಡಗಳ ಗೋಡೆಯ ಮೇಲೆ ಕೆಂಪಕ್ಷರದಲ್ಲಿ, ಇದನ್ನು ವಿಯೆನ್ನಾ ನಗರಸಭೆ ಇಂಥ ವರ್ಷಗಳಲ್ಲಿ ಕಟ್ಟಿಸಿತು ಎಂದು ಬರೆದಿರುತ್ತದೆ. ಶಾಸಕರ ಭಾವಚಿತ್ರವಿಲ್ಲ. ಇಂದಿಗೂ ನಗರದ ಜನರಲ್ಲಿ ಸುಮಾರು ಅರ್ಧ ಮಂದಿ ನಗರಸಭೆಯ ಅಥವಾ ಸಹಾಯಧನ ಪಡೆದ ಮನೆಗಳಲ್ಲಿದ್ದಾರೆ. ಅವರಲ್ಲಿ ಮೇಷ್ಟ್ರೂ ಇದ್ದಾರೆ, ಟ್ರಾಮ್ ಓಡಿಸುವವರೂ ಇದ್ದಾರೆ. ಬಾಡಿಗೆ ಕಟ್ಟಿದ ಮೇಲೂ ಕೈಯಲ್ಲಿ ನಾಲ್ಕು ಕಾಸು ಉಳಿದರೆ ತಾನೇ ಒಂದು ಕಾಫಿಯ ಮೇಲೆ ಮಧ್ಯಾಹ್ನ ಕಳೆಯಲು ಸಾಧ್ಯ ಎಂದು ಭಾವ ಹೇಳಿದ್ದು ನನಗೆ ಸರಿಯೆನಿಸಿತು.

ನಂಬಿಕೆಯ ಮೇಲೆ ನಡೆಯುವ ಸಣ್ಣಪುಟ್ಟ ವ್ಯವಸ್ಥೆಗಳು ಹಲವು. ಸುರಂಗ ರೈಲಿನ ನಿಲ್ದಾಣಗಳಲ್ಲಿ ತಡೆಬಾಗಿಲುಗಳಿಲ್ಲ, ಟಿಕೆಟು ಇದೆಯೆಂದು ನಂಬಿ ಒಳಗೆ ಬಿಡುತ್ತಾರೆ, ಮಫ್ತಿಯಲ್ಲಿ ಬರುವ ತಪಾಸಕರ ಕೈಗೆ ಸಿಕ್ಕಿದರೆ ಮಾತ್ರ ದಂಡ ಭಾರಿಯಾಗಿರುತ್ತದೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುವಾಗ ಬೀದಿಯ ಕಂಬಗಳಿಗೆ ದಿನಪತ್ರಿಕೆಗಳ ಚೀಲ ಕಟ್ಟಿ, ಜೊತೆಗೆ ಒಂದು ಕಾಸಿನ ಡಬ್ಬಿ ಇಟ್ಟಿರುತ್ತಾರೆ. ಎಲ್ಲರೂ ಕಾಸು ಹಾಕುತ್ತಾರೆಂದು ಯಾರೂ ಭ್ರಮಿಸಿಲ್ಲ, ಆದರೂ ಮುಂದಿನ ಭಾನುವಾರ ಚೀಲ ಮತ್ತೆ ಅಲ್ಲೇ ಇರುತ್ತದೆ. ಇಷ್ಟೆಲ್ಲ ಸಮಾನತೆಯ ಊರಿನಲ್ಲಿ ಬಿರುದುಗಳ ವ್ಯಾಮೋಹ ಮಾತ್ರ ವಿಚಿತ್ರ. 1919ರಲ್ಲೇ ಕಾನೂನು ಮಾಡಿ ಶ್ರೀಮಂತ ಮನೆತನಗಳ ಬಿರುದುಗಳನ್ನು ತೆಗೆದುಹಾಕಿದವರು, ವಿಶ್ವವಿದ್ಯಾಲಯದ ಪದವಿಯನ್ನು ಮನೆಯ ಕರೆಗಂಟೆಯ ಪಕ್ಕದ ಹೆಸರಿಗೂ ಸೇರಿಸಿಕೊಳ್ಳುತ್ತಾರೆ. ನಮ್ಮ ಮದುವೆ ಕರೆಯೋಲೆಗಳನ್ನು ಕಂಡವನಿಗೆ ಇದರಲ್ಲಿ ನಗುವ ಹಕ್ಕಿಲ್ಲ ಎನ್ನಿ.

ಕಾಫಿ ಮನೆಗಳ ಆ ಹಳೆಯ ವೈಭವವನ್ನು ಕಟ್ಟಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಮಾತ್ರ ಬೇರೆ ಕಡೆ. ಯೂಡೆನ್‌ಪ್ಲಾಟ್ಸ್ ಎಂಬ ಸಣ್ಣ ಚೌಕದ ನಡುವೆ ಕಾಂಕ್ರೀಟಿನ ಒಂದು ಕೋಣೆ ನಿಂತಿದೆ. ಬ್ರಿಟಿಷ್ ಶಿಲ್ಪಿ ರೇಚೆಲ್ ವೈಟ್‌ರೀಡ್ ರಚಿಸಿದ ಈ ಸ್ಮಾರಕ 2000ದಲ್ಲಿ ಅನಾವರಣಗೊಂಡಿತು. ದೂರದಿಂದ ಗೀರು ಗೀರಾಗಿ ಕಾಣುವ ಅದರ ಗೋಡೆಗಳ ಹತ್ತಿರ ಹೋದರೆ ಅವು ಪುಸ್ತಕಗಳ ಸಾಲುಗಳೆಂದು ತಿಳಿಯುತ್ತದೆ, ಆದರೆ ಬೆನ್ನು ಒಳಕ್ಕೆ, ಹಾಳೆಗಳ ಅಂಚು ಹೊರಕ್ಕೆ. ಯಾವ ಪುಸ್ತಕದ ಹೆಸರನ್ನೂ ಓದಲಾಗುವುದಿಲ್ಲ. ಬಾಗಿಲಿದೆ, ಹಿಡಿಯಿಲ್ಲ. ನಾಜಿಗಳ ಕಾಲದಲ್ಲಿ ಕೊಲೆಯಾದ 65,000 ಆಸ್ಟ್ರಿಯನ್ ಯಹೂದಿಗಳ ಸ್ಮಾರಕ ಅದು; ಅವರನ್ನು ಕೊಂದ ಸ್ಥಳಗಳ ಹೆಸರುಗಳನ್ನು ಸುತ್ತಲಿನ ಪೀಠದಲ್ಲಿ ಕೆತ್ತಿದ್ದಾರೆ. ಕಾಫಿ ಮನೆಗಳಲ್ಲಿ ಕೂತು ಬರೆದವರಲ್ಲಿ, ವಾದಿಸಿದವರಲ್ಲಿ, ಚದುರಂಗ ಆಡಿದವರಲ್ಲಿ ಬಹಳಷ್ಟು ಮಂದಿ ಯಹೂದಿಗಳಾಗಿದ್ದರು. 1938ರ ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ಬಂದಾಗ ಊರಿನ ಅನೇಕರು ಬೀದಿಗಿಳಿದು ಸ್ವಾಗತಿಸಿದರು. ನೆರೆಹೊರೆಯ ಯಹೂದಿಗಳನ್ನು ಮಂಡಿಯೂರಿಸಿ ರಸ್ತೆ ಉಜ್ಜಿಸಿದವರಲ್ಲೂ ಊರಿನವರೇ ಇದ್ದರು. ಒಪೆರಾದ ವಾದ್ಯವೃಂದದಿಂದಲೇ ಆಯ್ಕೆಯಾಗುವ ವಿಯೆನ್ನಾ ಫಿಲ್‌ಹಾರ್ಮನಿಕ್ ತನ್ನ ಯಹೂದಿ ಸದಸ್ಯರನ್ನು ಹೊರಹಾಕಿತು, ಅವರಲ್ಲಿ ಕೆಲವರು ನಾಜಿಗಳ ಬಂಧನ ಶಿಬಿರಗಳಲ್ಲಿ ಸತ್ತರು. ಅದೇ ವೃಂದ ಮಹಿಳೆಯೊಬ್ಬರನ್ನು ಪೂರ್ಣ ಸದಸ್ಯೆಯಾಗಿ ಸೇರಿಸಿಕೊಳ್ಳಲು 1997ರವರೆಗೆ ಕಾದಿತು. ಹಳೆಯ ಕಾಫಿ ಮನೆಗಳ ಗೋಡೆಯ ಮೇಲೆ ತೂಗುವ ಫೋಟೊಗಳನ್ನು ಈ ಚೌಕಕ್ಕೆ ಹೋಗಿ ಬಂದ ಮೇಲೆ ನೋಡುವವರಿಗೆ, ಚಿತ್ರದಲ್ಲಿರುವವರಲ್ಲಿ ಯಾರು ಓಡಿಹೋದರು, ಯಾರು ಉಳಿದರು ಎಂಬ ಲೆಕ್ಕ ತಾನಾಗಿ ಮನಸ್ಸಿನಲ್ಲಿ ಶುರುವಾಗುತ್ತದೆ.

ಈಗಿನ ವಿಯೆನ್ನಾ ಯಾರದು ಎಂಬುದಕ್ಕೆ ಅಕ್ಕನ ಮನೆಯ ಬಳಿಯ ಬ್ರುನ್ನೆನ್‌ಮಾರ್ಕ್ಟ್ ಎಂಬ ಸಂತೆ ಬೀದಿಗೆ ಹೋಗಬೇಕು. ತುರ್ಕಿ, ಸರ್ಬಿಯಾ, ಸಿರಿಯಾ ಕಡೆಯವರ ಅಂಗಡಿಗಳು, ಬೆಂಡೆಕಾಯಿ, ಬದನೆ, ದಾಳಿಂಬೆ, ಕಟ್ಟುಗಟ್ಟಲೆ ಕೊತ್ತಂಬರಿ ಸೊಪ್ಪು, ಚೌಕಾಸಿ, ಕೂಗಾಟ. ಒಪೆರಾದ ಮೌನದಿಂದ ಅರ್ಧ ಗಂಟೆಯ ದಾರಿ. ಅಕ್ಕ ಅಲ್ಲಿ ತರಕಾರಿಯವನನ್ನು ಹೆಸರು ಹಿಡಿದು ಕರೆದು, ಜರ್ಮನ್‌ನಲ್ಲೇ ಜಗಳವಾಡಿ ಒಂದು ಹಿಡಿ ಹಸಿಮೆಣಸಿನಕಾಯಿಯನ್ನು ಕೊಸರು ಪಡೆಯುವುದನ್ನು ನೋಡಿದಾಗ ಆಕೆಯ ವಿಯೆನ್ನಾ ಯಾವುದೆಂದು ನನಗೆ ತಿಳಿಯಿತು.

2023ರಲ್ಲಿ ನಗರದ ಜನಸಂಖ್ಯೆ ಇಪ್ಪತ್ತು ಲಕ್ಷ ದಾಟಿದೆ. ಆದರೆ ಮತದಾನದ ವಯಸ್ಸಿನವರಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಆಸ್ಟ್ರಿಯಾದ ಪೌರತ್ವವಿಲ್ಲದ ಕಾರಣ ರಾಷ್ಟ್ರೀಯ ಚುನಾವಣೆಯಲ್ಲಿ ಮತವಿಲ್ಲ. ಯುರೋಪಿಯನ್ ಒಕ್ಕೂಟದ ಪ್ರಜೆಗಳು ಜಿಲ್ಲಾ ಮಟ್ಟದಲ್ಲಾದರೂ ಮತ ಹಾಕಬಹುದು, ಅಕ್ಕ ಭಾವರಂಥವರಿಗೆ ಅದೂ ಇಲ್ಲ. ಆಸ್ಟ್ರಿಯಾ ಸಾಮಾನ್ಯವಾಗಿ ಎರಡು ಪೌರತ್ವ ಒಪ್ಪುವುದಿಲ್ಲ, ಭಾರತವೂ ಒಪ್ಪುವುದಿಲ್ಲ. ಈ ವಿಷಯ ಬಂದಾಗಲೆಲ್ಲ ಮನೆಯಲ್ಲಿ ವಾದ ಏಳುತ್ತದೆ: ತೆರಿಗೆ ಕಟ್ಟುವ ಊರಿನಲ್ಲಿ ಮಾತೂ ಇರಬೇಕು, ಪಾಸ್‌ಪೋರ್ಟ್ ಬದಲಿಸೋಣ ಎಂದು ಭಾವ, ಅಪ್ಪ ಅಮ್ಮ ಊರಿನಲ್ಲಿರುವಾಗ ವೀಸಾ ಕೇಳಿಕೊಂಡು ತವರಿಗೆ ಹೋಗಲಾರೆ ಎಂದು ಅಕ್ಕ. ಸಾಗರೋತ್ತರ ಪ್ರಜೆಯ ಕಾರ್ಡು ಇದ್ದರೆ ಪ್ರತಿ ಸಲ ವೀಸಾ ಬೇಕಾಗುವುದಿಲ್ಲವಲ್ಲ ಎಂದು ನಾನು ಹೇಳಿ ನೋಡಿದೆ. "ಅದು ನಂಗೂ ಗೊತ್ತು, ಸುಮ್ನಿರೋ" ಎಂದಳು. 2025ರ ಏಪ್ರಿಲ್‌ನ ನಗರ ಚುನಾವಣೆ ಈ ವಾದ ಮುಗಿಯುವ ಮೊದಲೇ ಕಳೆದುಹೋಯಿತು. ಮುಂದಿನದು ಐದು ವರ್ಷಕ್ಕೆ, ಅಷ್ಟರೊಳಗೆ ತಾನು ಗೆಲ್ಲುವೆನೆಂದು ಭಾವ ನನ್ನೊಡನೆ ಪಂಥ ಕಟ್ಟಿದ್ದಾರೆ. ನಾನು ಅಕ್ಕನ ಪರವಾಗಿ ಕಟ್ಟಿದ್ದೇನೆ.